ನೆತ್ತರುಗೊಡಗೆಯ ಹೊರಗುಳಿದವರು: ಪುಣೆಯ ದಂಡಿನ ಅನುಚರರೂ ಗಾಯಪರಿಹಾರದ ಕಾನೂನೂ

ಪುಣೆಯ ಶಿವಾಜಿನಗರದ ಹಳೆಯ ಹೆಸರು ಭಾಂಬುರ್ಡೆ. ಮುಠಾ ನದಿಯಾಚೆಯ ಹಳೆಯ ಪೇಟೆಗಳಿಗೂ ಉತ್ತರದ ಖಡಕಿಯ ದಂಡಿಗೂ ನಡುವೆ ಇದ್ದ ಈ ಹಳ್ಳಿಯೊಡನೆ ಕನ್ನಡಿಗರ ಸಂಬಂಧ ಹೊಸದಲ್ಲ. ಇಲ್ಲಿಯ ಪಾತಾಳೇಶ್ವರ ಗುಹಾಲಯ ೮ನೆಯ ಶತಮಾನದ ರಾಷ್ಟ್ರಕೂಟರ ಕಾಲದ್ದು. ಸಮೀಪದ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ ದ.ರಾ. ಬೇಂದ್ರೆಯವರು ೧೯೧೮ರಲ್ಲಿ ಬಿ.ಎ. ಪದವಿಯನ್ನು ಪಡೆದರು. ಅವರ ವಿದ್ಯಾರ್ಥಿದೆಸೆಯ ಆ ವರ್ಷಗಳು ಮೊದಲನೆಯ ಮಹಾಯುದ್ಧದ ವರ್ಷಗಳೂ ಆಗಿದ್ದವು. ಪುಣೆಯಿಂದ ಮುಂಬಯಿಯ ಬಂದರಿಗೆ ಹೋಗುವ ರೈಲುಹಾದಿ ಭಾಂಬುರ್ಡೆಯನ್ನು ಹಾಯ್ದೇ ಖಡಕಿಯನ್ನು ಸೇರುತ್ತದೆ. ಆ ಹಾದಿಯಲ್ಲಿ ಸಾಗಿ ಸಮುದ್ರವನ್ನು ದಾಟಿದವರಲ್ಲಿ ಬಂದೂಕು ಹಿಡಿದವರ ಕಥೆ ರೆಜಿಮೆಂಟುಗಳ ಇತಿಹಾಸಗಳಲ್ಲಿ ಸಾಕಷ್ಟು ದಾಖಲಾಗಿದೆ. ಬಂದೂಕು ಹಿಡಿಯದೆ ಅದೇ ಗುಂಡಿಗೆ ಎದೆಯೊಡ್ಡಿದವರ ಗಾಯಕ್ಕೆ ಬೆಲೆ ಕಟ್ಟಿದವರು ಯಾರು, ಯಾವ ಕಾನೂನಿನ ಆಧಾರದಿಂದ, ಎಂಬ ಪ್ರಶ್ನೆಯನ್ನು ಪ್ರಸ್ತುತ ಲೇಖನದಲ್ಲಿ ಎತ್ತಿಕೊಳ್ಳಲಾಗಿದೆ.

ಕನ್ನಡದಲ್ಲಿ 'ದಂಡು' ಎಂಬ ಮಾತಿಗೆ ಸೇನೆ ಎಂಬ ಅರ್ಥವೂ ಉಂಟು, ಸೇನೆ ನೆಲೆಸಿರುವ ಊರು ಎಂಬ ಅರ್ಥವೂ ಉಂಟು. ಬೆಂಗಳೂರಿನ ದಂಡು, ಬೆಳಗಾವಿಯ ದಂಡು ಎಂದಾಗ ನಮ್ಮ ಹಿರಿಯರ ಮನಸ್ಸಿನಲ್ಲಿ ಸಿಪಾಯಿಯಷ್ಟೇ ಅಲ್ಲದೆ ನೀರು ಹೊರುವ ಭಿಸ್ತಿ, ಕುದುರೆ ನೋಡುವ ಸಾಯಿಸ, ಅಡುಗೆಯವನು, ಅಗಸ, ಮೋಚಿ, ಕಸಗುಡಿಸುವವನು, ಡೋಲಿ ಹೊರುವ ಕಹಾರ, ಹೇಸರಗತ್ತೆಗಳ ಗಾಡಿ ಹೊಡೆಯುವ ದ್ರಾಬಿ ಇವರೆಲ್ಲರೂ ಮೂಡುತ್ತಿದ್ದರು. ಸೇನೆಯ ಕಾಗದಪತ್ರಗಳು ಇವರನ್ನೆಲ್ಲ ಒಂದೇ ಮಾತಿನಲ್ಲಿ ಅನುಚರರು ಎಂದು ಕರೆದವು. ಈ ಪದ ಮೇಲುನೋಟಕ್ಕೆ ನಿರಪಾಯಕಾರಿ. ಆದರೆ ಹಿಂದೆ ಹಿಂದೆ ಬರುವವನೆಂಬ ಅದರ ಧ್ವನಿಯೇ ಸಂಬಳ, ಪಡಿ, ಹೊದಿಕೆ, ಪಿಂಚಣಿಗಳ ಪ್ರತಿಯೊಂದು ಪಟ್ಟಿಯಲ್ಲಿಯೂ ಅವನನ್ನು ಸಿಪಾಯಿಯ ಕೆಳಗೆ ನಿಲ್ಲಿಸಿತು. ಜಾತಿಯ ಮೆಟ್ಟಲು ದಂಡಿನೊಳಗೂ ಹಾಗೆಯೇ ಮುಂದುವರಿಯಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಯಾವ ಕೆಲಸಕ್ಕೆ ಯಾವ ಜಾತಿಯವನು ಎಂಬುದನ್ನು ಭರ್ತಿಯ ಪದ್ಧತಿಯೇ ನಿಶ್ಚಯಿಸುತ್ತಿತ್ತು.

೧೯೧೪ರ ನವೆಂಬರ್ ೬ರಂದು ಪರ್ಷಿಯನ್ ಕೊಲ್ಲಿಯ ತುದಿಯ ಫಾವೋದಲ್ಲಿ ಇಳಿದ ಸೇನೆ ೬ನೆಯ ಡಿವಿಜನ್, ಅಂದರೆ ಪುಣೆ ಡಿವಿಜನ್ನಿಗೆ ಸೇರಿದ್ದು. ಅದರ ಮೂರು ಕಾಲ್ದಳ ಬ್ರಿಗೇಡುಗಳ ಹೆಸರುಗಳನ್ನು ಕರ್ನಾಟಕದ ಓದುಗರು ಗಮನಿಸಬೇಕು: ೧೬ನೆಯದು ಪುಣೆ, ೧೭ನೆಯದು ಅಹಮದನಗರ, ೧೮ನೆಯದು ಬೆಳಗಾವಿ. ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ ಈ ನಾಲ್ಕೂ ಜಿಲ್ಲೆಗಳು ಆಗ ಮುಂಬಯಿ ಪ್ರಾಂತದಲ್ಲಿದ್ದವು. ಹೀಗಾಗಿ ಈ ಡಿವಿಜನ್ನಿನ ಇತಿಹಾಸವನ್ನು ಕೇವಲ ಮಹಾರಾಷ್ಟ್ರದ ವಿಷಯವೆಂದು ಬದಿಗಿರಿಸಲಾಗದು. ೧೯೧೪ರ ನವೆಂಬರ್ ಕೊನೆಯೊಳಗಾಗಿ ಬಸ್ರಾ ವಶವಾಯಿತು. ಮರುವರ್ಷ ಟೈಗ್ರಿಸ್ ನದಿಯ ಗುಂಟ ಬಾಗ್ದಾದಿನ ದಿಕ್ಕಿಗೆ ಮುನ್ನುಗ್ಗಿದ ಡಿವಿಜನ್ನಿಗೆ ನವೆಂಬರಿನಲ್ಲಿ ಟೆಸಿಫಾನಿನ ಬಳಿ ಭಾರಿ ಹೊಡೆತ ಬಿದ್ದಿತು. ಗಾಯಗೊಂಡವರನ್ನು ಸಾಗಿಸಲು ಸ್ಪ್ರಿಂಗುಗಳಿಲ್ಲದ ಸರಂಜಾಮು ಗಾಡಿಗಳೇ ಗತಿಯಾದುದು, ಆ ಗಾಡಿಗಳ ಕುಲುಕಾಟದಲ್ಲಿ ನರಳಿದವರ ಸ್ಥಿತಿ, ದೋಣಿಗಳಲ್ಲಿ ಅವರು ದಿನಗಟ್ಟಲೆ ಕೊಳೆತುದು, ಇವೆಲ್ಲ ಮುಂದೆ ಇಂಗ್ಲೆಂಡಿನಲ್ಲಿ ಹಗರಣವಾಗಿ ೧೯೧೭ರ ಮೆಸಪೊಟೇಮಿಯಾ ಆಯೋಗದ ವರದಿಯಲ್ಲಿ ದಾಖಲಾದವು. ಭಾರತಮಂತ್ರಿ ಆಸ್ಟಿನ್ ಚೇಂಬರ್ಲೇನ್ ರಾಜೀನಾಮೆ ಕೊಟ್ಟರು. ಗಾಡಿಯಲ್ಲಿ ಮಲಗಿದ್ದವನ ಬಗೆಗೆ ಪಾರ್ಲಿಮೆಂಟು ಮಾತಾಡಿತು. ಗಾಡಿ ಹೊಡೆಯುತ್ತಿದ್ದವನು ಆ ಚರ್ಚೆಯ ಅಂಚಿನಲ್ಲಿಯೇ ಉಳಿದ.

ಹಿಮ್ಮೆಟ್ಟಿದ ಡಿವಿಜನ್ ಕುತ್ ಎಂಬ ಊರಿನಲ್ಲಿ ಸಿಕ್ಕಿಬಿದ್ದಿತು. ೧೯೧೫ರ ಡಿಸೆಂಬರ್ ೭ರಿಂದ ೧೯೧೬ರ ಏಪ್ರಿಲ್ ೨೯ರವರೆಗೆ ನಡೆದ ಮುತ್ತಿಗೆಯಲ್ಲಿ ಪಡಿ ವಾರವಾರಕ್ಕೆ ಇಳಿಯುತ್ತ ಹೋಯಿತು. ಕುದುರೆ, ಹೇಸರಗತ್ತೆಗಳನ್ನು ಕೊಂದು ಮಾಂಸ ಹಂಚಲಾಯಿತು. ಧರ್ಮದ ಕಾರಣಕ್ಕಾಗಿ ಅದನ್ನು ಒಲ್ಲೆನೆಂದ ಭಾರತೀಯರಲ್ಲಿ ರಕ್ತಪಿತ್ತರೋಗ ಹರಡಿತು. ತಾನೇ ಮೇವು ಹಾಕಿ ಸಾಕಿದ ಪ್ರಾಣಿಯನ್ನು ಕಸಾಯಿಗೆ ಒಪ್ಪಿಸಿದ ದ್ರಾಬಿಯ ಕೆಲಸವೂ ಅಲ್ಲಿಗೆ ಮುಗಿದಂತಾಯಿತು; ಹಸಿವು ಮಾತ್ರ ಉಳಿಯಿತು. ಶರಣಾದವರ ಲೆಕ್ಕ ಹೀಗಿದೆ: ಬ್ರಿಟಿಷ್ ಅಧಿಕಾರಿಗಳು ೨೭೭, ಭಾರತೀಯ ಅಧಿಕಾರಿಗಳು ೨೦೪, ಬ್ರಿಟಿಷ್ ಸೈನಿಕರು ೨,೫೯೨, ಭಾರತೀಯ ಸೈನಿಕರು ೬,೯೮೮, ಅನುಚರರು ೩,೨೪೮. ಒಟ್ಟು ೧೩,೩೦೯. ಅಂದರೆ ಸೆರೆಸಿಕ್ಕ ಪ್ರತಿ ನಾಲ್ವರಲ್ಲಿ ಸುಮಾರಾಗಿ ಒಬ್ಬನು ಅನುಚರ. ಜನರಲ್ ಟೌನ್‌ಷೆಂಡ್‌ರ ಸೆರೆವಾಸ ಇಸ್ತಾಂಬುಲಿನ ಬಳಿಯ ದ್ವೀಪವೊಂದರಲ್ಲಿ ಸುಖವಾಗಿಯೇ ಕಳೆಯಿತೆಂಬುದು ಪ್ರಸಿದ್ಧ. ಉಳಿದವರು ಮರುಭೂಮಿಯಲ್ಲಿ ನಡೆದರು. ಭಾರತೀಯರಲ್ಲಿ ಬಹಳ ಮಂದಿ ರಾಸ್ ಅಲ್ ಐನ್ ಎಂಬಲ್ಲಿ ಬಾಗ್ದಾದ್ ರೈಲುಹಾದಿಯ ಕೂಲಿಗೆ ಹಚ್ಚಲ್ಪಟ್ಟರು. ಒಂದು ಸರಕಾರದ ಕೂಲಿಯಾಗಿ ಹೋದವನು ಇನ್ನೊಂದು ಸರಕಾರದ ಬಿಟ್ಟಿಯಾಳಾದ.

ಕುತ್ತಿನ ಅನಂತರ ಈ ವರ್ಗದ ಸಂಖ್ಯೆ ಕುಗ್ಗಲಿಲ್ಲ, ಬೆಳೆಯಿತು. ಬಂದರು, ರೈಲು, ಒಡ್ಡು, ರಸ್ತೆಗಳ ಕೆಲಸಕ್ಕಾಗಿ ಕೂಲಿದಳಗಳನ್ನೂ ಹಮಾಲದಳಗಳನ್ನೂ ಕಟ್ಟಲಾಯಿತು. ೧೯೧೬ರ ಅಕ್ಟೋಬರಿನಿಂದ ಭಾರತದ ಸೆರೆಮನೆಗಳ ಸುಮಾರು ೧೬,೦೦೦ ಕೈದಿಗಳನ್ನು ಕೂಡ ಮೆಸಪೊಟೇಮಿಯಾಕ್ಕೆ ಕಳುಹಿಸಲಾಯಿತು. ಯುದ್ಧದ ಕೊನೆಯ ಲೆಕ್ಕದಂತೆ ಆ ರಣಾಂಗಣಕ್ಕೆ ಭಾರತದಿಂದ ಹೋದ ೫,೮೮,೭೧೭ ಭಾರತೀಯರಲ್ಲಿ ೨,೯೩,೧೫೨ ಜನರು ಯೋಧರಲ್ಲದವರು. ಹೆಚ್ಚುಕಡಿಮೆ ಅರ್ಧಕ್ಕೆ ಅರ್ಧ. ಮೆಸಪೊಟೇಮಿಯಾದ ಯುದ್ಧವನ್ನು ಸಿಪಾಯಿಯ ಯುದ್ಧವೆನ್ನುವಷ್ಟೇ ನ್ಯಾಯವಾಗಿ ಕೂಲಿಯ ಯುದ್ಧವೆಂದೂ ಕರೆಯಬಹುದು. ಈ ಜನರ ಬಗೆಗಿನ ನಮ್ಮ ತಿಳಿವಳಿಕೆ ಬಹುಮಟ್ಟಿಗೆ ಇತಿಹಾಸಕಾರ್ತಿ ರಾಧಿಕಾ ಸಿಂಘಾ ಅವರ ಪರಿಶ್ರಮದ ಫಲ. ಕನ್ನಡದಲ್ಲಿ ಈ ದಿಕ್ಕಿನ ಕೆಲಸಕ್ಕೆ ಇನ್ನೂ ಅವಕಾಶ ವಿಪುಲವಾಗಿದೆ.

ಈಗ ಗಾಯದ ಬೆಲೆಯ ಪ್ರಶ್ನೆಗೆ ಬರೋಣ. ಯುದ್ಧದಲ್ಲಿ ಮಡಿದವನ ಮನೆಗೆ ಪರಿಹಾರ ಸಲ್ಲಬೇಕೆಂಬ ವಿಚಾರ ಕನ್ನಡನಾಡಿಗೆ ಪಶ್ಚಿಮದಿಂದ ಬಂದುದಲ್ಲ. ನಮ್ಮ ವೀರಗಲ್ಲು ಶಾಸನಗಳಲ್ಲಿ ಬಾಳ್ಗಚ್ಚು, ಕಲ್ನಾಡು, ನೆತ್ತರುಗೊಡಗೆ, ಮುಂದಿನ ಕಾಲದಲ್ಲಿ ರಕ್ತಗೊಡಗೆ ಎಂಬ ಹೆಸರುಗಳಲ್ಲಿ ಅದು ಸಾಲುಸಾಲಾಗಿ ಕಾಣಸಿಗುತ್ತದೆ. ಬೇಗೂರಿನ ಪ್ರಸಿದ್ಧ ಶಾಸನದಲ್ಲಿ ನಾಗತ್ತರನು ಕಾದಿ ಮಡಿದ ಬಳಿಕ ಇರುಗನಿಗೆ ಬೆಂಪೂರು ಹನ್ನೆರಡು ಕಲ್ನಾಡಾಗಿ ದೊರೆತ ಸಂಗತಿಯಿದೆ. ಕೊಡಗೆ ಎಂಬುದು ಭೂಮಿ. ಅದು ಮಕ್ಕಳ ಕಾಲಕ್ಕೂ ಉಳಿಯುವಂಥದು. ಆದರೆ ಈ ವ್ಯವಸ್ಥೆಯನ್ನು ಆದರ್ಶೀಕರಿಸುವುದೂ ತಪ್ಪು. ಕಲ್ಲು ನಿಂತುದು ಕಾದಿದವನಿಗೆ, ತುರುಗಳನ್ನು ಮರಳಿಸಿದವನಿಗೆ, ಒಡೆಯನ ಮುಂದೆ ಬಿದ್ದವನಿಗೆ. ಆತಕೂರಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೂ ಕಲ್ಲುಂಟು, ಅದರ ಪೂಜೆಗೆ ಭೂಮಿಯುಂಟು. ಆ ಒಡೆಯನ ಪಾಳೆಯಕ್ಕೆ ನೀರು ಹೊತ್ತವನಿಗೆ ಇಲ್ಲ. ಬ್ರಿಟಿಷ್ ದಂಡಿನ ಅನುಚರನು ಹೀಗೆ ಎರಡು ಪರಂಪರೆಗಳಿಂದಲೂ ಹೊರಗುಳಿದವನು.

ಬ್ರಿಟಿಷ್ ಭಾರತದ ಕಾನೂನಿನಲ್ಲಿ ಅವನ ಸ್ಥಾನ ಇನ್ನೂ ವಿಚಿತ್ರವಾಗಿತ್ತು. ೧೯೧೧ರ ಭಾರತೀಯ ಸೇನಾ ಕಾಯಿದೆಯು ಕಾರ್ಯಾಚರಣೆಯಲ್ಲಿರುವ ಸೇನೆಯ ನೌಕರಿಯಲ್ಲಿರುವವರನ್ನೂ ಅದರ ಅನುಚರರನ್ನೂ ಜೊತೆಗೆ ಸಾಗುವವರನ್ನೂ ಸೈನಿಕ ಶಾಸನಕ್ಕೆ ಒಳಪಡಿಸಿತ್ತು. ಹೇಳದೆ ಓಡಿಹೋದರೆ, ಆಜ್ಞೆ ಮೀರಿದರೆ ಅವನು ಸೇನೆಯವನು. ಸಂಬಳ, ಗಾಯದ ಪಿಂಚಣಿ, ಕುಟುಂಬ ಪಿಂಚಣಿಗಳ ಮಾತು ಬಂದಾಗ ಅವನು ಸಿಪಾಯಿಯಲ್ಲ. ಅಧಿಕಾರಿಗಳ ಖಾಸಗಿ ಸೇವಕರ ಸ್ಥಿತಿಯಂತೂ ಯಜಮಾನನ ದಯೆಗೆ ಬಿಟ್ಟದ್ದು. ಸಾಮಾನ್ಯ ಕಾರ್ಮಿಕನೆಂದು ದಾವೆ ಹೂಡೋಣವೆಂದರೆ ೧೮೫೫ರ ಮಾರಕ ಅಪಘಾತಗಳ ಕಾಯಿದೆಯ ಹೊರತು ಬೇರೊಂದಿರಲಿಲ್ಲ. ಅದರ ಪ್ರಕಾರ ಮೃತನ ಹೆಂಡತಿ, ಮಕ್ಕಳು, ತಂದೆತಾಯಿಗಳಿಗೆ ಪರಿಹಾರ ಸಿಗಬೇಕಾದರೆ ಎದುರು ಪಕ್ಷದ ತಪ್ಪು ಅಥವಾ ಅಲಕ್ಷ್ಯ ಸಿದ್ಧವಾಗಬೇಕು. ತುರ್ಕರ ಗುಂಡು ಯಾರ ಅಲಕ್ಷ್ಯ? ಇಲ್ಲೊಂದು ಸಂಗತಿ ಸ್ವಾರಸ್ಯಕರವಾಗಿದೆ. ಸೇನೆಗೆ ಸೇರದೆಯೂ ಸೇನೆಯೊಡನೆ ಸಾಗುವ ಪತ್ರಕರ್ತರು, ಸರಕು ಪೂರೈಸುವವರು, ಗುತ್ತಿಗೆದಾರರು ಶತ್ರುವಿನ ಕೈಗೆ ಸಿಕ್ಕರೆ ಯುದ್ಧಕೈದಿಗಳ ಉಪಚಾರಕ್ಕೆ ಅರ್ಹರೆಂದು ೧೯೦೭ರ ಹೇಗ್ ನಿಯಮಾವಳಿ ಹೇಳಿತ್ತು. ಶತ್ರು ಅವರನ್ನು ಹೇಗೆ ನಡೆಸಿಕೊಳ್ಳಬೇಕೆಂಬುದಕ್ಕೆ ನಿಯಮವಿತ್ತು. ಸ್ವಂತ ಸರಕಾರ ಹೇಗೆ ನಡೆಸಿಕೊಳ್ಳಬೇಕೆಂಬುದಕ್ಕೆ ಸಮನಾದ ನಿಯಮವಿರಲಿಲ್ಲ.

ಯುದ್ಧಾನಂತರದ ಪುಣೆಯನ್ನು ನೋಡಿದರೆ ಸ್ಮಾರಕಗಳ ಕಾಲವೊಂದು ಎದುರಾಗುತ್ತದೆ. ೧೯೨೧ರ ನವೆಂಬರಿನಲ್ಲಿ ವೇಲ್ಸಿನ ರಾಜಕುಮಾರರು ಬಂದು ಮರಾಠಾ ಯುದ್ಧಸ್ಮಾರಕಕ್ಕೂ ಶಿವಾಜಿ ಸ್ಮಾರಕಕ್ಕೂ ಅಡಿಗಲ್ಲನ್ನಿಟ್ಟರು. ಭಾಂಬುರ್ಡೆಯಲ್ಲಿ ಕರ್ಮರಕರ್ ಅವರು ರೂಪಿಸಿದ ಶಿವಾಜಿಯ ಅಶ್ವಾರೂಢ ಪ್ರತಿಮೆ ೧೯೨೮ರಲ್ಲಿ ಅನಾವರಣಗೊಂಡಿತು. ಹಳೆಯ ಹಳ್ಳಿಗೆ ಹೊಸ ಹೆಸರು ಸಂದುದರ ಹಿನ್ನೆಲೆ ಇದು. ಅಂಗವಿಕಲ ಸೈನಿಕರಿಗೆ ಕಸುಬು ಕಲಿಸುವುದಕ್ಕೆಂದು ಲೇಡಿ ವಿಲಿಂಗ್ಡನ್ ೧೯೧೭ರಲ್ಲಿ ಮುಂಬಯಿಯಲ್ಲಿ ತೆರೆದ ಕ್ವೀನ್ ಮೇರಿ ತಾಂತ್ರಿಕ ಶಾಲೆ ೧೯೨೦ರ ದಶಕದ ಆರಂಭದಲ್ಲಿ ಖಡಕಿಗೆ ಬಂದಿತು. ಅದು ಇಂದಿಗೂ ನಡೆಯುತ್ತಿರುವ, ಮಾನ್ಯತೆಗೆ ಪಾತ್ರವಾದ ಸಂಸ್ಥೆ. ಅದರ ಹೆಸರಿನಲ್ಲಿ 'ಸೈನಿಕ' ಎಂಬ ಪದವಿರುವುದನ್ನು ಮಾತ್ರ ಇಲ್ಲಿ ಗುರುತಿಸುತ್ತೇವೆ. ಬಸ್ರಾದ ಸ್ಮಾರಕದಲ್ಲಂತೂ ಭಾರತೀಯ ಅಧಿಕಾರಿಗಳ ಹೆಸರುಗಳನ್ನು ಕೆತ್ತಿ, ಉಳಿದ ಭಾರತೀಯರನ್ನು ದಳದ ಹೆಸರಿನ ಕೆಳಗೆ ಸಂಖ್ಯೆಯಾಗಿ ಬರೆಯಲಾಯಿತು. ಏಷ್ಯಾ, ಆಫ್ರಿಕಾಗಳ ಕನಿಷ್ಠ ೧,೧೬,೦೦೦ ಮೃತರು ಹೆಸರಿನಿಂದ ಸ್ಮರಿಸಲ್ಪಟ್ಟಿಲ್ಲ, ಸಂಖ್ಯೆ ೩,೫೦,೦೦೦ದಷ್ಟೂ ಇರಬಹುದು ಎಂದು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗವು ೨೦೨೧ರಲ್ಲಿ ಒಪ್ಪಿಕೊಂಡಿತು. ಹೆಸರಿಲ್ಲದ ಮೃತನಿಗೆ ವಾರಸುದಾರರೂ ಇರುವುದಿಲ್ಲ. ಪರಿಹಾರದ ಪ್ರಶ್ನೆಯು ದಾಖಲೆಯ ಪ್ರಶ್ನೆಯೂ ಆಗಿರುವುದು ಹೀಗೆ.

ಈ ಸ್ಮಾರಕಗಳ ನಡುವೆಯೇ ೧೯೨೩ರ ೮ನೆಯ ಕಾಯಿದೆಯಾಗಿ ಕಾರ್ಮಿಕರ ನಷ್ಟಪರಿಹಾರ ಶಾಸನ ಬಂದು, ೧೯೨೪ರ ಜುಲೈ ೧ರಿಂದ ಜಾರಿಯಾಯಿತು. ಅಲಕ್ಷ್ಯವನ್ನು ಸಿದ್ಧಪಡಿಸುವ ಹೊರೆಯನ್ನು ಅದು ಇಳಿಸಿತು. ಕೆಲಸದ ನಿಮಿತ್ತವಾಗಿ, ಕೆಲಸದ ಅವಧಿಯಲ್ಲಿ ಅಪಘಾತದಿಂದ ಗಾಯವಾದರೆ ಸಾಕು. ವಯಸ್ಕನು ಸತ್ತರೆ ೩೦ ತಿಂಗಳ ವೇತನ ಅಥವಾ ೨,೫೦೦ ರೂಪಾಯಿ, ಶಾಶ್ವತವಾಗಿ ಸಂಪೂರ್ಣ ಅಶಕ್ತನಾದರೆ ೪೨ ತಿಂಗಳ ವೇತನ ಅಥವಾ ೩,೫೦೦ ರೂಪಾಯಿ, ಇವುಗಳಲ್ಲಿ ಯಾವುದು ಕಡಿಮೆಯೋ ಅದು. ಅದರ ಮೊದಲನೆಯ ಅನುಸೂಚಿ ದೇಹದ ಬೆಲೆಪಟ್ಟಿಯಂತಿದೆ: ಮೊಣಕೈಯಿಂದ ಮೇಲೆ ಬಲಗೈ ಹೋದರೆ ಶೇಕಡ ೭೦, ಎಡಗೈ ಹೋದರೆ ೬೦, ಮೊಣಕಾಲಿನಿಂದ ಮೇಲೆ ಕಾಲು ಹೋದರೆ ೬೦, ಒಂದು ಕಣ್ಣಿಗೆ ೩೦, ಹೆಬ್ಬೆರಳಿಗೆ ೨೫, ತೋರುಬೆರಳಿಗೆ ೧೦. ತಿಂಗಳಿಗೆ ೨೦ ರೂಪಾಯಿ ದುಡಿಯುವವನ ಬಲಗೈಗೆ ೫೮೮ ರೂಪಾಯಿ, ಎಡಗೈಗೆ ೫೦೪ ಎಂದಾಯಿತು. ಎಡಚನ ಗತಿಯೇನೆಂದು ಶಾಸನಕಾರರು ಯೋಚಿಸಿದಂತಿಲ್ಲ. ಆದರೂ ಈ ಪಟ್ಟಿಯನ್ನು ನಗಬಾರದು. ಕೂಲಿಯ ಬೆರಳಿಗೆ ಕಾನೂನಿನಲ್ಲಿ ಒಂದು ಅಂಕೆ ದೊರೆತುದು ಭಾರತದ ಇತಿಹಾಸದಲ್ಲಿ ಅದೇ ಮೊದಲು.

ಆದರೆ ಅದೇ ಶಾಸನ ಕಾರ್ಮಿಕನೆಂದರೆ ಯಾರೆಂದು ನಿರೂಪಿಸುವಾಗ ಸೇನಾಬಲಗಳ ಸದಸ್ಯನಾಗಿ ದುಡಿಯುವವನನ್ನು ಹೊರಗಿಟ್ಟಿತು. ಸೈನಿಕನಿಗೆ ಪಿಂಚಣಿಯ ಬೇರೆ ನಿಯಮಗಳಿರುವುದರಿಂದ ಇದು ತರ್ಕಬದ್ಧವೇ. ತೊಡಕು ಬಂದುದು ನಡುವಿನವನಿಗೆ. ಭರ್ತಿಯಾದ ಅನುಚರನು ಈ ಹೊಸ ಶಾಸನದ ಪಾಲಿಗೆ ಸೈನಿಕ, ಹಳೆಯ ಪಿಂಚಣಿ ನಿಯಮಗಳ ಪಾಲಿಗೆ ಅರ್ಧ ಸೈನಿಕ. ಭರ್ತಿಯಾಗದೆ ಗುತ್ತಿಗೆದಾರನ ಕೈಕೆಳಗೆ ಹೋದವನು ಕಾರ್ಮಿಕನೇನೋ ಹೌದು, ಆದರೆ ಶಾಸನದ ಕೈ ಕಡಲಾಚೆಗೆ ಚಾಚುತ್ತಿದ್ದುದು ಹಡಗಿನ ನಾವಿಕರ ಮಟ್ಟಿಗೆ ಮಾತ್ರ. ನನ್ನ ಅಭಿಪ್ರಾಯದಲ್ಲಿ ಈ ಬಿರುಕು ಆಕಸ್ಮಿಕವಾದುದಲ್ಲ. ಯಾವ ಹೆಸರಿನಿಂದ ಕರೆದರೆ ಖರ್ಚು ಕಡಿಮೆಯೋ ಆ ಹೆಸರು ನಿಂತಿತು.

ಎರಡನೆಯ ಮಹಾಯುದ್ಧದಲ್ಲಿ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಬಂದಿತು. ಶತ್ರುವಿನ ಬಾಂಬು ಬಿದ್ದು ಕಾರ್ಖಾನೆಯಾಳು ಸತ್ತರೆ ಅದು ಕೆಲಸದ ನಿಮಿತ್ತದ ಸಾವೇ? ೧೯೪೧ರ ಯುದ್ಧಗಾಯಗಳ ಸುಗ್ರೀವಾಜ್ಞೆ ಸರಕಾರದಿಂದ ಒಂದು ಮಟ್ಟದ ನೆರವನ್ನು ಒದಗಿಸಿತಾದರೂ ಅದು ೧೯೨೩ರ ಶಾಸನದ ಪ್ರಮಾಣವನ್ನು ಮುಟ್ಟಲಿಲ್ಲ. ಉಳಿದ ಅಂತರವನ್ನು ಮಾಲಿಕರ ಮೇಲೆ ಹೊರಿಸಿ, ಅದಕ್ಕೆ ವಿಮೆಯನ್ನು ಕಡ್ಡಾಯಗೊಳಿಸಿದ್ದು ೧೯೪೩ರ ಯುದ್ಧಗಾಯಗಳ ಪರಿಹಾರ ವಿಮಾ ಕಾಯಿದೆ. ಆ ಮಸೂದೆಯನ್ನು ವೈಸರಾಯರ ಮಂಡಲಿಯ ಕಾರ್ಮಿಕ ಸದಸ್ಯರಾಗಿ ಮಂಡಿಸಿದವರು ಡಾ. ಬಿ.ಆರ್. ಅಂಬೇಡ್ಕರ್, ಸ್ವತಃ ಸುಬೇದಾರರೊಬ್ಬರ ಮಗ. ಅದು ದೇಶದೊಳಗಿನ ಕಾರ್ಮಿಕನಿಗಾಗಿ ಆದುದು. ಅದೇ ಕಾಲದಲ್ಲಿ ಅಮೆರಿಕವು ೧೯೪೧ರ ರಕ್ಷಣಾ ನೆಲೆಗಳ ಕಾಯಿದೆಯಿಂದ ಹೊರದೇಶಗಳ ಸೇನಾನೆಲೆಗಳಲ್ಲಿ ಗುತ್ತಿಗೆದಾರರ ಕೈಕೆಳಗೆ ದುಡಿಯುವವರಿಗೆ ಕಡ್ಡಾಯ ವಿಮೆಯನ್ನೂ, ೧೯೪೨ರ ಇನ್ನೊಂದು ಕಾಯಿದೆಯಿಂದ ಯುದ್ಧಾಪಾಯದ ವೆಚ್ಚವನ್ನು ಸರಕಾರವೇ ಭರಿಸುವ ಏರ್ಪಾಡನ್ನೂ ಮಾಡಿತು. ಅಲ್ಲಿಯೂ ಒಂದು ಮೆಟ್ಟಲು ಉಳಿಯಿತು: ಅಮೆರಿಕದಲ್ಲಿ ನೆಲೆಸದ ವಿದೇಶೀಯನಿಗೆ ಮುಂದೆ ಸಲ್ಲಬೇಕಾದ ಕಂತುಗಳನ್ನು ಒಟ್ಟುಗೂಡಿಸಿ ಅವುಗಳ ಅಂದಿನ ಮೌಲ್ಯದ ಅರ್ಧವನ್ನು ಕೊಟ್ಟು ಲೆಕ್ಕ ಮುಗಿಸಲು ಕಾನೂನೇ ಅನುಮತಿಸುತ್ತದೆ.

ಸ್ವತಂತ್ರ ಭಾರತದಲ್ಲಿ ಈ ಪ್ರಶ್ನೆ ಮತ್ತೆ ಪುಣೆಯ ಕಡೆಗೇ ತಿರುಗುತ್ತದೆ. ಗಡಿರಸ್ತೆಗಳ ಸಂಸ್ಥೆಯ ಸಾಮಾನ್ಯ ಮೀಸಲು ಇಂಜಿನಿಯರ್ ದಳದ ಕೇಂದ್ರವಿರುವುದು ಶಿವಾಜಿನಗರದಿಂದ ಕೆಲವೇ ಮೈಲಿಗಳಾಚೆಯ ದಿಘಿಯಲ್ಲಿ. ಆ ದಳದವರು ನಾಗರಿಕ ನೌಕರರೋ ಸೈನಿಕರೋ ಎಂಬ ವಿವಾದ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ೧೯೮೩ರ ವಿಶ್ವನ್ ಮೊಕದ್ದಮೆಯಲ್ಲಿ ಈ ದಳ ಸಶಸ್ತ್ರಬಲಗಳ ಅವಿಭಾಜ್ಯ ಅಂಗ, ಆದಕಾರಣ ಸೇನಾಶಿಸ್ತಿನ ನಿಬಂಧನೆಗಳು ಅದರ ಸದಸ್ಯರಿಗೂ ಅನ್ವಯಿಸುತ್ತವೆ ಎಂದು ತೀರ್ಮಾನವಾಯಿತು. ೧೯೧೧ರ ಅನುಚರನ ನೆರಳು ಈ ತೀರ್ಪಿನಲ್ಲ್ಲಿ ಕಾಣದಿರದು: ಶಿಸ್ತಿಗೆ ಸೈನಿಕ. ಆಫ್ಘಾನಿಸ್ಥಾನದಲ್ಲಿ ಜರಂಜಿನಿಂದ ದೆಲಾರಾಮಿಗೆ ಈ ಸಂಸ್ಥೆ ನಿರ್ಮಿಸಿದ ಹೆದ್ದಾರಿಯ ಕೆಲಸದಲ್ಲಿದ್ದ ಚಾಲಕನೊಬ್ಬನನ್ನು ೨೦೦೫ರ ನವೆಂಬರಿನಲ್ಲಿ ತಾಲಿಬಾನಿಗಳು ಅಪಹರಿಸಿ ಕೊಂದರು. ಟೆಸಿಫಾನಿನ ಗಾಡಿಯವನಿಗೂ ಅವನಿಗೂ ನಡುವೆ ೯೦ ವರ್ಷಗಳ ಅಂತರ.

ಭಾರತದಲ್ಲಿ ನೋಂದಾಯಿತವಾದ ಕಂಪನಿಗಳು ನೇಮಿಸಿಕೊಂಡು ಹೊರದೇಶದಲ್ಲಿ ದುಡಿಸುವ ಕಾರ್ಮಿಕರಿಗೂ ೧೯೨೩ರ ಶಾಸನವನ್ನು ೧೯೯೫ರ ತಿದ್ದುಪಡಿ ವಿಸ್ತರಿಸಿತು. ತಡವಾಗಿಯಾದರೂ ಶಾಸನ ಕಡಲು ದಾಟಿತು, ಆದರೆ ಕಂಪನಿ ಭಾರತದ್ದಾಗಿರಬೇಕೆಂಬ ಷರತ್ತಿನೊಡನೆ. ಈ ಷರತ್ತಿನ ಹೊರಗೆ ಬಿದ್ದವರನ್ನು ಕಾಣಲು ಕಲಬುರಗಿಗೆ ಬರಬೇಕು. ಆ ಜಿಲ್ಲೆಯ ಮೂವರು ಯುವಕರು ೨೦೨೩ರ ಕೊನೆಯಲ್ಲಿ ಮಧ್ಯವರ್ತಿಗಳ ಮಾತನ್ನು ನಂಬಿ, ಸಹಾಯಕರ ಕೆಲಸವೆಂದು ರಷ್ಯಕ್ಕೆ ಹೋಗಿ ಉಕ್ರೇನಿನ ಯುದ್ಧರಂಗದಲ್ಲಿ ಸಿಲುಕಿದ ಸುದ್ದಿ ೨೦೨೪ರ ಫೆಬ್ರವರಿಯಲ್ಲಿ ಹೊರಬಿದ್ದಿತು. ಅದೇ ತಿಂಗಳು ಹೀಗೆಯೇ ಹೋಗಿದ್ದ ಸೂರತ್ತಿನ ಯುವಕನೊಬ್ಬ ಅಲ್ಲಿ ಮಡಿದ. ಮಾರ್ಚಿನಲ್ಲಿ ಕೇಂದ್ರೀಯ ತನಿಖಾ ದಳ ಈ ಸಾಗಣೆಯ ಜಾಲದ ಮೇಲೆ ಮೊಕದ್ದಮೆ ಹೂಡಿತು. ಕಲಬುರಗಿಯವರು ಸೆಪ್ಟೆಂಬರಿನಲ್ಲಿ ಮನೆಗೆ ಮರಳಿದರು. ಇಲ್ಲಿ ಹಳೆಯ ಲೆಕ್ಕ ತಲೆಕೆಳಗಾಗಿದೆ. ಪುಣೆ ಡಿವಿಜನ್ನಿನ ಅನುಚರ ಕೆಲಸದಲ್ಲಿ ಸೇನೆಯವನಾಗಿ ಪಿಂಚಣಿಯ ಕಾಗದದಲ್ಲಿ ಸೈನಿಕನಾಗಿರಲಿಲ್ಲ. ಇವರು ಬಾಯಿಮಾತಿನಲ್ಲಿ ಸಹಾಯಕರು, ತಮಗೆ ಓದಲು ಬಾರದ ಭಾಷೆಯ ಕಾಗದದಲ್ಲಿ ಸೈನಿಕರು. ಒಪ್ಪಂದದ ಬಾಧ್ಯತೆಗಳನ್ನೂ ಸಲ್ಲಬೇಕಾದ ಪರಿಹಾರವನ್ನೂ ನೆರವೇರಿಸಲಾಗುವುದೆಂದು ದೆಹಲಿಯ ರಷ್ಯನ್ ರಾಯಭಾರ ಕಚೇರಿ ೨೦೨೪ರ ಆಗಸ್ಟಿನಲ್ಲಿ ಹೇಳಿತು. ಪರಿಹಾರಕ್ಕೆ ಆಧಾರವಾಗಬೇಕಾದುದು ಮೋಸದಿಂದ ಸಹಿ ಹಾಕಿಸಿಕೊಂಡ ಅದೇ ಕಾಗದ.

ವಿದೇಶಾಂಗ ಸಚಿವಾಲಯವು ೨೦೨೫ರ ಜನವರಿ ೧೭ರಂದು ಕೊಟ್ಟ ಲೆಕ್ಕದಲ್ಲಿ ಹೀಗೆ ರಷ್ಯದ ಸೇನೆಗೆ ಸೇರಿದ್ದ ಭಾರತೀಯರು ೧೨೬; ಮರಳಿದವರು ೯೬; ಮಡಿದವರು ೧೨; ಇನ್ನೂ ಅಲ್ಲಿದ್ದ ೧೮ ಜನರಲ್ಲಿ ೧೬ ಮಂದಿ ಕಾಣೆಯಾದವರೆಂದು ರಷ್ಯ ವರ್ಗೀಕರಿಸಿತ್ತು. ಕಾಣೆಯಾದವನ ಮನೆಗೆ ಮರಣದ ಪರಿಹಾರ ಸಲ್ಲುವುದಿಲ್ಲ. ಬದುಕಿದ್ದರೆ ಸಹಜವಾಗಿ ಸುದ್ದಿ ತಿಳಿಯಬೇಕಾದವರಿಗೆ ಏಳು ವರ್ಷ ಅವನ ಸುದ್ದಿ ಬಾರದಿದ್ದರೆ ಸತ್ತನೆಂದು ಭಾವಿಸಬಹುದೆಂದು ೧೮೭೨ರ ಸಾಕ್ಷ್ಯ ಕಾಯಿದೆ ಹೇಳಿತ್ತು. ೨೦೨೩ರ ಭಾರತೀಯ ಸಾಕ್ಷ್ಯ ಅಧಿನಿಯಮವೂ ಆ ಏಳು ವರ್ಷಗಳನ್ನು ಹಾಗೆಯೇ ಉಳಿಸಿಕೊಂಡಿದೆ.